ಸ್ಪ್ಯಾನಿಷ್ ಹೆಸರುಗಳು: ಎರಡು ಅಡ್ಡಹೆಸರಿನ ಪದ್ಧತಿ

ಸ್ಪೇನಿನಲ್ಲಿ ಹುಟ್ಟಿದ ಮಗುವಿಗೆ ಎರಡು ಅಡ್ಡಹೆಸರು. ಒಂದು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು. ಕರೆಯುವ ಹೆಸರು ಮೊದಲು ಬರುತ್ತದೆ, ಅದರ ಬೆನ್ನಿಗೆ ಇವೆರಡೂ ಸಾಲಾಗಿ ನಿಲ್ಲುತ್ತವೆ. ಹೆಣ್ಣು ಮದುವೆಯಾದ ಮೇಲೂ ತನ್ನ ಹೆಸರನ್ನು ಬಿಡುವುದಿಲ್ಲ. ಹಾಗಾಗಿ ಒಂದೇ ಸೂರಿನಡಿ ಬಾಳುವ ಗಂಡನದೊಂದು ಜೋಡಿ, ಹೆಂಡತಿಯದೊಂದು ಜೋಡಿ, ಮಕ್ಕಳದು ಮೂರನೆಯದು. ಒಂದೇ ಜೋಡಿಯನ್ನು ಹಂಚಿಕೊಳ್ಳುವವರು ಒಡಹುಟ್ಟಿದವರು ಮಾತ್ರ. ಸ್ಪ್ಯಾನಿಷ್ ಹೆಸರನ್ನು ಓದುವ ಕೀಲಿಕೈ ಇಲ್ಲಿದೆ. ಇಂಗ್ಲಿಷರ ಸರ್‌ನೇಮ್ ವಂಶದ ಗುರುತು. ಸ್ಪೇನಿನ ಈ ಜೋಡಿ ಒಂದು ಮದುವೆಯ ಗುರುತು, ಆ ಮದುವೆಯ ಮಕ್ಕಳ ಗುರುತು. ಬೇರೆ ಭಾಷೆಗಳಿಗೆ ಹೋದಾಗ ಈ ಹೆಸರುಗಳು ಪಡುವ ಪಾಡೆಲ್ಲ ಇದನ್ನು ತಿಳಿಯದೆ ಹುಟ್ಟಿಕೊಂಡದ್ದು.

ಅಡ್ಡಹೆಸರು ಎಂಬ ಮಾತನ್ನು ಇಲ್ಲಿ ಉತ್ತರ ಕರ್ನಾಟಕದವರ ಅರ್ಥದಲ್ಲಿ ಬಳಸಿದೆ: ಪಾಟೀಲ, ಬಡಿಗೇರ, ಕುಲಕರ್ಣಿ ಇದ್ದ ಹಾಗೆ. ಹಳೆ ಮೈಸೂರಿನ ಕಡೆ ಅಡ್ಡಹೆಸರೆಂದರೆ ಚೇಷ್ಟೆಗೆ ಇಟ್ಟ ಹೆಸರು. ಆ ಅರ್ಥ ಇಲ್ಲಿ ಬೇಡ. ಸ್ಪ್ಯಾನಿಷಿನಲ್ಲಿ ಇದಕ್ಕೆ 'ಅಪೆಯೀದೊ' ಎನ್ನುತ್ತಾರೆ, ಕರೆಯುವ ಹೆಸರಿಗೆ 'ನೋಂಬ್ರೆ'.

ಜೋಡಿಯ ಲೆಕ್ಕ

ಕನ್ನಡ ಓದುಗರು ಚೆನ್ನಾಗಿ ಬಲ್ಲ ಒಂದು ಹೆಸರನ್ನು ಬಿಡಿಸಿ ನೋಡಬಹುದು. ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ ತಂದೆ ಗೇಬ್ರಿಯಲ್ ಎಲಿಹಿಯೊ ಗಾರ್ಸಿಯಾ, ತಾಯಿ ಲೂಯಿಸಾ ಸಾಂತಿಯಾಗಾ ಮಾರ್ಕೆಸ್. ಅಪ್ಪನಿಂದ ಗಾರ್ಸಿಯಾ ಬಂತು, ಅಮ್ಮನಿಂದ ಮಾರ್ಕೆಸ್. ಅವರು ಮದುವೆಯಾದದ್ದು ಮೆರ್ಸೆದಿಸ್ ಬಾರ್ಚಾ ಅವರನ್ನು. ಗಂಡುಮಕ್ಕಳಿಬ್ಬರು ರೊಡ್ರಿಗೊ ಗಾರ್ಸಿಯಾ ಬಾರ್ಚಾ, ಗೊನ್ಸಾಲೊ ಗಾರ್ಸಿಯಾ ಬಾರ್ಚಾ. ಮಾರ್ಕೆಸ್ ಎಂಬುದು ಮಕ್ಕಳ ಹೆಸರಿನಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷ್ ಪುಸ್ತಕದಂಗಡಿಗಳ ಕಪಾಟಿನಲ್ಲಿ ಎಷ್ಟೋ ಸಲ ಅವರು 'ಎಂ' ಅಕ್ಷರದಡಿ ಕೂತಿರುತ್ತಾರೆ. ಕನ್ನಡ ವಿಮರ್ಶೆಯಲ್ಲೂ ಬಹುಪಾಲು ಬರಿಯ 'ಮಾರ್ಕ್ವೆಜ್'. ಸ್ಪ್ಯಾನಿಷ್ ಕಿವಿಗೆ ಇದು ಒಬ್ಬರನ್ನು ಅವರ ತಾಯಿಯ ತವರಿನ ಹೆಸರಿನಿಂದಷ್ಟೇ ಕರೆದ ಹಾಗೆ ಕೇಳುತ್ತದೆ. ಅವರ ನಾಡಿನಲ್ಲಿ ಅವರು ಗಾರ್ಸಿಯಾ ಮಾರ್ಕೆಸ್, ಇಲ್ಲವೇ ಸಲುಗೆಯಿಂದ ಗಾಬೊ. ಗ್ರಂಥಾಲಯದ ಪಟ್ಟಿಯಲ್ಲಿ ಅವರ ಸ್ಥಾನ 'ಜಿ' ಅಕ್ಷರದಲ್ಲಿ.

ಹಾಗೆಂದು ಎರಡನೆಯದನ್ನು ಒಂಟಿಯಾಗಿ ಬಳಸುವುದು ಯಾವಾಗಲೂ ತಪ್ಪೇ ಎನ್ನುವಂತೆಯೂ ಇಲ್ಲ, ಸ್ಪೇನಿನವರೇ ಅದನ್ನು ಮಾಡುತ್ತಾರೆ. ಮೊದಲ ಅಡ್ಡಹೆಸರು ಬೀದಿಬೀದಿಯಲ್ಲಿ ಸಿಗುವಂಥದಾದರೆ ಜನ ಅದನ್ನು ಸರಿಸಿ ಅಪರೂಪದ ಎರಡನೆಯದನ್ನು ಹಿಡಿಯುತ್ತಾರೆ. ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಲೋಕಕ್ಕೆಲ್ಲ ಲೋರ್ಕಾ. 2004ರಿಂದ 2011ರವರೆಗೆ ಪ್ರಧಾನಿಯಾಗಿದ್ದ ಹೊಸೆ ಲೂಯಿಸ್ ರೊಡ್ರಿಗೆಸ್ ಸಪತೇರೊ ಪತ್ರಿಕೆಗಳಿಗೆ ಬರಿಯ ಸಪತೇರೊ. ಚಿತ್ರಕಾರ ಪಾಬ್ಲೊ ರೂಯಿಸ್ ಪಿಕಾಸೊ ಹುಡುಗನಾಗಿದ್ದಾಗ ಅಪ್ಪನ ರೂಯಿಸ್ ಸೇರಿಸಿಯೇ ಸಹಿ ಹಾಕುತ್ತಿದ್ದ. 1901ರ ಹೊತ್ತಿಗೆ ಅದು ಉದುರಿ, ತಾಯಿ ಮಾರಿಯಾ ಪಿಕಾಸೊ ಅವರ ಹೆಸರು ಉಳಿಯಿತು. ರೂಯಿಸ್ ಎಂಬ ಹೆಸರಿನವರು ಸ್ಪೇನಿನಲ್ಲಿ ಲೆಕ್ಕವಿಲ್ಲದಷ್ಟು, ಪಿಕಾಸೊಗಳು ಬೆರಳೆಣಿಕೆ. ಅಪ್ಪನ ಮೇಲಿನ ಮುನಿಸು ಇದಕ್ಕೆ ಕಾರಣವೆಂದು ಬರೆಯುವವರು ಉಂಟು. ಆದರೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ, ಲೋರ್ಕಾನಿಗೆ ಆದದ್ದೇ ಇವನಿಗೂ ಆಯಿತು.

ಗಾರ್ಸಿಯಾ ಎಷ್ಟು ಸಾಮಾನ್ಯವೆಂದರೆ, ಅದನ್ನು ಮೊದಲ ಅಡ್ಡಹೆಸರಾಗಿ ಹೊತ್ತವರೇ ಸ್ಪೇನಿನಲ್ಲಿ 14 ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಗಾರ್ಸಿಯಾ ಗಂಡಸು ಗಾರ್ಸಿಯಾ ಹೆಂಗಸನ್ನು ಮದುವೆಯಾದರೆ ಮಗು ಗಾರ್ಸಿಯಾ ಗಾರ್ಸಿಯಾ. ಅದನ್ನು ಕಂಡು ಅಲ್ಲಿ ಯಾರೂ ನಗುವುದಿಲ್ಲ, ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕುವವರು ಹೊರಗಿನವರೇ.

ಎರಡರ ನಡುವೆ ಕೆಲವೊಮ್ಮೆ 'ಈ' ಎಂಬ ಸಣ್ಣ ಪದ ಬರುತ್ತದೆ. 'ಮತ್ತು' ಎಂದು ಅರ್ಥ. ಹಳೆಯ ಗತ್ತಿನ ಮನೆತನಗಳಲ್ಲಿ ಇದು ಅಲಂಕಾರ, ಕೆಲವು ಹೆಸರುಗಳಲ್ಲಿ ಮಾತ್ರ ನಿಜವಾದ ಅಗತ್ಯ. ನರಕೋಶಗಳ ಅಧ್ಯಯನಕ್ಕೆ 1906ರಲ್ಲಿ ನೊಬೆಲ್ ಪಡೆದ ಸಾಂತಿಯಾಗೊ ರಮೋನ್ ಈ ಕಹಾಲ್ ಅವರ ಹೆಸರಿನಲ್ಲಿ ರಮೋನ್ ಎಂಬುದು ಅಪ್ಪನ ಅಡ್ಡಹೆಸರು. ಆದರೆ ರಮೋನ್ ಎಂದು ಮಕ್ಕಳಿಗೂ ಹೆಸರಿಡುತ್ತಾರೆ. 'ಈ' ಇರದಿದ್ದರೆ ಸಾಂತಿಯಾಗೊ ರಮೋನ್ ಎರಡೂ ಕರೆಯುವ ಹೆಸರೆಂದೂ ಕಹಾಲ್ ಒಂದೇ ಅಡ್ಡಹೆಸರೆಂದೂ ಓದುಗ ತಿಳಿಯುತ್ತಿದ್ದ. ಅದು ಇದ್ದರೂ ವಿಜ್ಞಾನದ ಪುಸ್ತಕಗಳು ಅವರನ್ನು ಕಹಾಲ್ ಎಂದೇ ಕರೆಯುತ್ತ ಬಂದಿವೆ. ತತ್ತ್ವಜ್ಞಾನಿ ಓರ್ತೆಗಾ ಈ ಗಾಸೆತ್ ಎಂಬ ಹೆಸರನ್ನು ನೋಡಿ ಇಬ್ಬರು ಲೇಖಕರು ಕೂಡಿ ಬರೆದದ್ದೆಂದು ಭಾವಿಸಬಾರದು, ಅವರು ಒಬ್ಬರೇ.

ಈ ಏರ್ಪಾಡನ್ನು ಹೊರಗಿನವರು ಹೆಣ್ಣಿಗೆ ಸಮಪಾಲು ಕೊಟ್ಟದ್ದೆಂದು ಹೊಗಳುವುದುಂಟು. ಅರ್ಧ ನಿಜ. ಅಮ್ಮ ಮಗುವಿಗೆ ದಾಟಿಸುವುದು ತನ್ನ ಮೊದಲ ಅಡ್ಡಹೆಸರನ್ನು, ಎಂದರೆ ತನ್ನ ಅಪ್ಪನದನ್ನು. ಅಜ್ಜಿಯರ ಹೆಸರು ಮೊಮ್ಮಕ್ಕಳ ಹೊತ್ತಿಗೆ ಜಾರಿಹೋಗುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಒಂದು ತಲೆಮಾರಿಗೆ ಅಳಿಸಿಹೋಗುವ ಹೆಣ್ಣಿನ ಹೆಸರು ಇಲ್ಲಿ ಎರಡು ತಲೆಮಾರು ಬಾಳುತ್ತದೆ, ಅಷ್ಟೇ. ಆದರೆ ನೆನಪಿನಲ್ಲಿ ಅದು ಉಳಿದಿರುತ್ತದೆ: ಅಜ್ಜ ಅಜ್ಜಿಯರನ್ನು ಸೇರಿಸಿ ನಾಲ್ಕು, ಮುತ್ತಜ್ಜ ಮುತ್ತಜ್ಜಿಯರನ್ನು ಸೇರಿಸಿ ಎಂಟು ಅಡ್ಡಹೆಸರುಗಳನ್ನು ಬಾಯಲ್ಲಿ ಎಣಿಸಬಲ್ಲವರು ಅಲ್ಲಿ ಇದ್ದಾರೆ. 2014ರಲ್ಲಿ ಸ್ಪೇನಿನ ಗಲ್ಲಾಪೆಟ್ಟಿಗೆಯನ್ನು ಸೂರೆಗೊಂಡ ಹಾಸ್ಯಚಿತ್ರದ ಹೆಸರೇ 'ಎಂಟು ಬಾಸ್ಕ್ ಅಡ್ಡಹೆಸರುಗಳು'. ಅಪ್ಪಟ ಬಾಸ್ಕ್ ಎನಿಸಿಕೊಳ್ಳಲು ಎಂಟೂ ಬಾಸ್ಕ್ ಆಗಿರಬೇಕೆಂಬ ಹಮ್ಮನ್ನು ಅದು ಗೇಲಿ ಮಾಡುತ್ತದೆ.

ಗೌರವದ ಮಾತಿನಲ್ಲೂ ಒಂದು ಸೂಕ್ಷ್ಮವಿದೆ. 'ಸೆನ್ಯೋರ್' ಅಡ್ಡಹೆಸರಿನ ಮುಂದೆ ಬರುತ್ತದೆ, 'ದೋನ್' ಕರೆಯುವ ಹೆಸರಿನ ಮುಂದೆ. ಸೆನ್ಯೋರ್ ಗಾರ್ಸಿಯಾ ಸರಿ, ದೋನ್ ಹೊಸೆ ಸರಿ. ಬರಿಯ ದೋನ್ ಗಾರ್ಸಿಯಾ ಎಂದರೆ ಕಿವಿಗೆ ಕಟುವಾಗುತ್ತದೆ.

ಮಗನ ಹೆಸರಿನಲ್ಲಿ ಅಪ್ಪ

ರೊಡ್ರಿಗೆಸ್, ಗೊನ್ಸಾಲೆಸ್, ಫೆರ್ನಾಂದೆಸ್, ಮಾರ್ತಿನೆಸ್, ಸಾಂಚೆಸ್, ಲೋಪೆಸ್, ಪೆರೆಸ್: ಸ್ಪೇನಿನ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಬಹುಪಾಲು ಹೀಗೆ 'ಎಸ್' ಎಂದು ಮುಗಿಯುತ್ತವೆ. ಬರೆಯುವಾಗ ಕೊನೆಯಲ್ಲಿ 'ಜೆಡ್' ಅಕ್ಷರ, ಲ್ಯಾಟಿನ್ ಅಮೆರಿಕದ ನುಡಿಯಲ್ಲಿ 'ಸ'ಕಾರ, ಮ್ಯಾಡ್ರಿಡ್ ಕಡೆ ನಾಲಗೆ ಹಲ್ಲಿಗೆ ತಾಗಿಸಿ ಹೇಳುವ ಮೆತ್ತನೆಯ 'ಥ'ಕಾರದಂಥ ಉಲಿ. ಈ ಪ್ರತ್ಯಯಕ್ಕೆ 'ಇಂಥವನ ಮಗ' ಎಂದರ್ಥ. ರೊಡ್ರಿಗೊನ ಮಗ ರೊಡ್ರಿಗೆಸ್, ಸಾಂಚೊನ ಮಗ ಸಾಂಚೆಸ್, ಲೋಪೆಯ ಮಗ ಲೋಪೆಸ್, ಪೇದ್ರೊನ ಮಗ ಪೆರೆಸ್.

ಮಧ್ಯಯುಗದಲ್ಲಿ ಇದು ಮಾತಿಗೆ ತಕ್ಕ ಹಾಗೆ ನಡೆಯುತ್ತಿತ್ತು, ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಹನ್ನೊಂದನೆಯ ಶತಮಾನದ ದಂಡನಾಯಕ, ಕಾವ್ಯಗಳಲ್ಲಿ 'ಎಲ್ ಸಿದ್' ಎಂದು ಹೆಸರಾದವನ ನಿಜನಾಮ ರೊಡ್ರಿಗೊ ದಿಯಾಸ್. ಅವನ ಅಪ್ಪ ದಿಯೇಗೊ ಲಾಯಿನೆಸ್. ಅವನ ಮಗ ದಿಯೇಗೊ ರೊಡ್ರಿಗೆಸ್. ಲಾಯಿನ್‌ನ ಮಗ ದಿಯೇಗೊ, ದಿಯೇಗೊನ ಮಗ ರೊಡ್ರಿಗೊ, ರೊಡ್ರಿಗೊನ ಮಗ ಮತ್ತೆ ದಿಯೇಗೊ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮಲ್ಲಿದ್ದಂತೆ ಅಲ್ಲೂ ಇತ್ತು. ಹೆಣ್ಣುಮಕ್ಕಳೂ ರೊಡ್ರಿಗೆಸ್‌ಗಳೇ. ಪ್ರತ್ಯಯ ಗಂಡುಹೆಣ್ಣೆಂದು ನೋಡುವುದಿಲ್ಲ, ಅದರ ಕಣ್ಣು ಅಪ್ಪನ ಮೇಲೆ. ಕಾಲಕ್ರಮದಲ್ಲಿ ಈ ಚಲನೆ ನಿಂತುಹೋಯಿತು. ಅಪ್ಪನ ಹೆಸರು ಏನೇ ಇರಲಿ, ರೊಡ್ರಿಗೆಸ್‌ನ ಮಗನೂ ರೊಡ್ರಿಗೆಸ್ ಎಂದಾಯಿತು.

ಗಾರ್ಸಿಯಾ ಮಾತ್ರ ಈ ಗುಂಪಿಗೆ ಸೇರದು. ಅದು ಪ್ರತ್ಯಯವಿಲ್ಲದೆ ಹಾಗೆಯೇ ಉಳಿದ ಹಳೆಯ ವ್ಯಕ್ತಿನಾಮ, ಬಾಸ್ಕ್ ಮೂಲದ್ದೆಂಬ ಅಭಿಪ್ರಾಯವೇ ಪ್ರಬಲ. ಉಳಿದ ಅಡ್ಡಹೆಸರುಗಳು ಊರು, ಕಸುಬು, ಮೈಲಕ್ಷಣಗಳಿಂದ ಬಂದವು. ಎರ್ರೆರೊ ಕಮ್ಮಾರ, ಸಪತೇರೊ ಪಾದರಕ್ಷೆ ಮಾಡುವವ, ದೆಲ್ಗಾದೊ ಸಣಕಲ, ಮೊರೇನೊ ಕಪ್ಪಗಿನವ, ಕಾಲ್ವೊ ಬೋಳುತಲೆಯವ. ಧಾರವಾಡ, ಬೆಳಗಾವಿ ಕಡೆಯ ಅಡ್ಡಹೆಸರುಗಳನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು. ಎಸ್‌ಪೋಸಿತೊ ಎಂಬುದೊಂದು ಕರುಣೆಯ ಹೆಸರು: ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಕೂಸುಗಳಿಗೆ ಇಡುತ್ತಿದ್ದದ್ದು. 'ಹೊರಗೆ ಇಟ್ಟದ್ದು' ಎಂದು ಅರ್ಥ. ಹುಟ್ಟಿನ ಗಾಯವನ್ನು ಬಾಳೆಲ್ಲ ಹೊತ್ತು ತಿರುಗಬೇಕಾಗಿದ್ದ ಈ ಜನರಿಗೆ ಹೆಸರು ಬದಲಿಸಿಕೊಳ್ಳುವ ಅವಕಾಶವನ್ನು 1921ರಲ್ಲಿ ಕೊಡಲಾಯಿತು. ಹಾಗೆಯೇ ಉಳಿಸಿಕೊಂಡವರೂ ಬಹಳ.

ಎರಡು ಅಡ್ಡಹೆಸರು ಎಂಬ ಶಿಸ್ತು ಸ್ಪೇನಿನಲ್ಲಿ ಅನಾದಿಯಿಂದ ಬಂದದ್ದಲ್ಲ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಯಾರು ಯಾವ ಹೆಸರನ್ನಾದರೂ ಹಿಡಿಯಬಹುದಿತ್ತು. ಆಸ್ತಿ ಬಂದ ಕಡೆಯ ಹೆಸರು, ಪ್ರತಿಷ್ಠೆಯುಳ್ಳ ಅಜ್ಜನ ಹೆಸರು, ಬಾಯಿಗೆ ಹಿತವಾದ ಹೆಸರು, ಯಾವುದಾದರೂ ಸರಿ. ಒಡಹುಟ್ಟಿದವರೇ ಬೇರೆ ಬೇರೆ ಅಡ್ಡಹೆಸರು ಇಟ್ಟುಕೊಂಡಿರುತ್ತಿದ್ದರು. ಕವಿ ಲೂಯಿಸ್ ದೆ ಗೊಂಗೊರಾನ ಅಪ್ಪ ಅರ್ಗೋತೆ, ಗೊಂಗೊರಾ ಎಂಬುದು ಅಮ್ಮನದು. ಚಿತ್ರಕಾರ ದಿಯೇಗೊ ವೆಲಾಸ್ಕೆಸ್ ಕೂಡ ತಾಯಿಯ ಹೆಸರಿನಿಂದಲೇ ಪ್ರಸಿದ್ಧ, ಅಪ್ಪನ ಕಡೆಯದು ರೊಡ್ರಿಗೆಸ್ ದೆ ಸಿಲ್ವಾ. 'ದೋನ್ ಕಿಹೋತೆ' ಬರೆದ ಮಿಗೆಲ್ ದೆ ಸೆರ್ವಾಂತೆಸ್ ಸಾವೆದ್ರಾನ ತಾಯಿ ಲಿಯೊನೋರ್ ದೆ ಕೊರ್ತಿನಾಸ್. ಹಾಗಾದರೆ ಸಾವೆದ್ರಾ ಎಲ್ಲಿಂದ ಬಂತು? ಅದು ತಾಯಿಯದಲ್ಲ, ನಡುವಯಸ್ಸಿನಲ್ಲಿ ಅವನೇ ಸೇರಿಸಿಕೊಂಡದ್ದು.

ಈ ಸಡಿಲಿನ ನಡುವೆ ಎರಡು ಒತ್ತಡಗಳು ಕೆಲಸ ಮಾಡಿದವು. ಮೊದಲನೆಯದು ಚರ್ಚಿನ ದಫ್ತರ: 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆ ಪ್ರತಿ ಪ್ಯಾರಿಷ್‌ನಲ್ಲೂ ಪುಸ್ತಕ ಇಡಬೇಕೆಂದು ವಿಧಿಸಿತು. ಎರಡನೆಯದು ಅಷ್ಟು ಮುಗ್ಧವಲ್ಲ. 1449ರಲ್ಲಿ ತೊಲೇದೊ ನಗರದಿಂದ ಶುರುವಾದ 'ರಕ್ತಶುದ್ಧಿ'ಯ ಕಟ್ಟಳೆಗಳು ಯಹೂದಿ ಅಥವಾ ಮುಸ್ಲಿಂ ಮೂಲದಿಂದ ಮತಾಂತರವಾದ ಮನೆತನಗಳವರನ್ನು ಅಧಿಕಾರದ ಸ್ಥಾನಗಳಿಂದ ದೂರವಿಟ್ಟವು. ಹುದ್ದೆ ಬೇಕಾದವನು ತನ್ನ ಅಪ್ಪನ ಕಡೆ, ಅಮ್ಮನ ಕಡೆ ಎರಡರ ಹಿರಿಯರೂ 'ಹಳೆಯ ಕ್ರೈಸ್ತರು' ಎಂದು ಸಾಬೀತು ಮಾಡಬೇಕಿತ್ತು. ತಾಯಿಯ ಕಡೆಯ ಹೆಸರನ್ನೂ ನೆನಪಿಟ್ಟು ಬರೆದಿಡುವ ಅಭ್ಯಾಸಕ್ಕೆ ಈ ವಿಚಾರಣೆಗಳ ಪಾಲೂ ಸೇರಿದೆ. ಇಂದು ಉದಾರವಾಗಿ ಕಾಣುವ ಪದ್ಧತಿಯ ಬೇರಿನಲ್ಲಿ ಈ ಕಹಿಯೂ ಇದೆ.

ದಫ್ತರಿನ ಕಾಲ

1870ರ ನಾಗರಿಕ ನೋಂದಣಿ ಕಾಯ್ದೆ ಎರಡು ಅಡ್ಡಹೆಸರನ್ನು ಸರ್ಕಾರಿ ನಿಯಮ ಮಾಡಿತು, 1889ರ ನಾಗರಿಕ ಸಂಹಿತೆ ಅದನ್ನು ಗಟ್ಟಿಗೊಳಿಸಿತು. ಅಪ್ಪನದು ಮೊದಲು, ಅಮ್ಮನದು ಆಮೇಲೆ. ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಕ್ರಮವನ್ನು ಅದಲುಬದಲು ಮಾಡಿಕೊಳ್ಳುವ ಅವಕಾಶ ಸಿಕ್ಕಿದ್ದು 1981ರಲ್ಲಿ, ಹುಟ್ಟುವಾಗಲೇ ತಂದೆತಾಯಿ ಆರಿಸಬಹುದೆಂದದ್ದು 1999ರ ಕಾಯ್ದೆ. ಆದರೆ ಸರ್ವಾಧಿಕಾರಿ ಫ್ರಾನ್ಸಿಸ್ಕೊ ಫ್ರಾಂಕೊ ಅಷ್ಟು ಕಾಲ ಕಾಯಲಿಲ್ಲ. ಅವನಿಗೆ ಇದ್ದವಳು ಒಬ್ಬಳೇ ಮಗಳು. ಅಳಿಯನ ಅಡ್ಡಹೆಸರು ಮಾರ್ತಿನೆಸ್-ಬೋರ್ದಿಯು. 1954ರಲ್ಲಿ ಮೊಮ್ಮಗ ಹುಟ್ಟಿದಾಗ ನಿಯಮದಂತೆ ಫ್ರಾಂಕೊ ಎಂಬುದು ಎರಡನೆಯ ಸ್ಥಾನಕ್ಕೆ ಇಳಿದು, ಮುಂದಿನ ತಲೆಮಾರಿಗೆ ಮಾಯವಾಗಬೇಕಿತ್ತು. ಮಗುವಿನ ಅಡ್ಡಹೆಸರುಗಳ ಕ್ರಮವನ್ನೇ ತಿರುಗಿಸಿ ಫ್ರಾನ್ಸಿಸ್ಕೊ ಫ್ರಾಂಕೊ ಮಾರ್ತಿನೆಸ್-ಬೋರ್ದಿಯು ಎಂದು ದಾಖಲಿಸಲಾಯಿತು. ಅಮ್ಮನ ಹೆಸರು ಮುಂದೆ ಬಂದ ಆ ಕಾಲದ ಅಪರೂಪದ ಪ್ರಸಂಗ ಇದು, ಅದೂ ಒಬ್ಬ ಅಜ್ಜನಿಗಾಗಿ.

2011ರ ಕಾಯ್ದೆ ಅಪ್ಪನಿಗಿದ್ದ ಮೊದಲ ಮಣೆಯನ್ನು ತೆಗೆದುಹಾಕಿತು. ಅಡ್ಡಹೆಸರಿನ ಮಟ್ಟಿಗೆ ಅದು ಜಾರಿಗೆ ಬಂದದ್ದು 2017ರ ಜೂನ್ 30ರಂದು. ಈಗ ತಂದೆತಾಯಿ ಇಬ್ಬರೂ ಕೂತು ಕ್ರಮವನ್ನು ತೀರ್ಮಾನಿಸಿ ಅರ್ಜಿಯಲ್ಲಿ ಬರೆಯಬೇಕು. ಒಮ್ಮತಕ್ಕೆ ಬಾರದಿದ್ದರೆ ನೋಂದಣಾಧಿಕಾರಿ ಮಗುವಿನ ಹಿತ ನೋಡಿ ನಿರ್ಧರಿಸುತ್ತಾನೆ. ಮೊದಲ ಮಗುವಿಗೆ ಹಿಡಿದ ಕ್ರಮವೇ ಆಮೇಲಿನ ಮಕ್ಕಳಿಗೂ. ಒಡಹುಟ್ಟಿದವರ ಜೋಡಿ ಬೇರೆಯಾಗಕೂಡದು ಎಂಬ ಹಠವನ್ನು ಮಾತ್ರ ಕಾಯ್ದೆ ಬಿಟ್ಟಿಲ್ಲ. ತಾಯಿಯೊಬ್ಬಳೇ ಇರುವ ಮಗುವಿಗೆ ಅವಳ ಎರಡೂ ಅಡ್ಡಹೆಸರು ಬರುತ್ತವೆ. ಅದೇ ಕ್ರಮದಲ್ಲಿ ಬರೆದರೆ ಕಾಗದದ ಮೇಲೆ ತಾಯಿ ಮಗು ಒಡಹುಟ್ಟಿದವರ ಹಾಗೆ ಕಾಣುತ್ತಾರೆ. ಅದು ಬೇಡವೆಂದರೆ ಹಿಂದುಮುಂದಾಗಿಸಿ ಬರೆಸಬಹುದು.

ಕರೆಯುವ ಹೆಸರಿನ ಮೇಲೂ ಸರ್ಕಾರದ ಕಣ್ಣು ಇತ್ತು. ಅಂತರ್ಯುದ್ಧ ನಡೆಯುತ್ತಿದ್ದಾಗಲೇ, 1938ರ ಮೇ ತಿಂಗಳಲ್ಲಿ, ಫ್ರಾಂಕೊನ ಆಡಳಿತ ಮಕ್ಕಳ ಹೆಸರು ಕಾಸ್ತೀಲ್ ನುಡಿಯಲ್ಲೇ, ಎಂದರೆ ಸ್ಪ್ಯಾನಿಷಿನಲ್ಲೇ, ಇರಬೇಕೆಂದು ಆಜ್ಞೆ ಮಾಡಿತು. ಕ್ಯಾಟಲನ್ನರ ಜೊರ್ದಿ ದಫ್ತರಿನಲ್ಲಿ ಹೊರ್ಹೆ ಆದ, ಜೊಆನ್ ಹೊಆನ್ ಆದ. ಬಾಸ್ಕ್ ಹೆಸರುಗಳು ಮನೆಯೊಳಗಷ್ಟೇ ಉಳಿದವು. ಡಚ್ ಫುಟ್‌ಬಾಲ್ ಆಟಗಾರ ಯೊಹಾನ್ ಕ್ರಾಯ್ಫ್ ಬಾರ್ಸಿಲೋನಾ ತಂಡದಲ್ಲಿದ್ದಾಗ, 1974ರ ಫೆಬ್ರವರಿಯಲ್ಲಿ ಮಗ ಹುಟ್ಟಿದ. ಹೆರಿಗೆ ಆದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಲ್ಲಿಯೇ ಮಗುವಿಗೆ ಜೊರ್ದಿ ಎಂದು ಹೆಸರು ಬರೆಸಿದರು. ಜೊರ್ದಿ ಕ್ಯಾಟಲೋನಿಯಾದ ಪಾಲಕ ಸಂತ. ಬಾರ್ಸಿಲೋನಾದಲ್ಲಿ ನೋಂದಾಯಿಸಲು ಹೋದಾಗ ಗುಮಾಸ್ತ ಒಪ್ಪಲಿಲ್ಲ, ಹೊರ್ಹೆ ಎಂದು ಬರೆಯಿರಿ ಎಂದ. ಡಚ್ ಜನನಪತ್ರದಲ್ಲಿ ಅಚ್ಚಾದ ಹೆಸರನ್ನು ಬದಲಿಸಲು ಅವನಿಗೂ ದಾರಿಯಿರಲಿಲ್ಲ. ಜೊರ್ದಿ ಜೊರ್ದಿಯಾಗಿಯೇ ಬೆಳೆದು, ಅಪ್ಪನಂತೆ ಬಾರ್ಸಿಲೋನಾಕ್ಕೇ ಆಡಿದ. ಫ್ರಾಂಕೊ ಸತ್ತು ಒಂದು ವರ್ಷ ದಾಟಿದ ಮೇಲೆ, 1977ರ ಜನವರಿಯಲ್ಲಿ, ಸ್ಪೇನಿನ ಯಾವ ನುಡಿಯಲ್ಲಾದರೂ ಹೆಸರಿಡಬಹುದೆಂದು ಕಾನೂನು ತಿದ್ದುಪಡಿಯಾಯಿತು.

ಮಾರಿಯಾಳ ನೂರು ರೂಪ

ನಮ್ಮಲ್ಲಿ ಹೆಣ್ಣುಮಗುವಿಗೆ ಗ್ರಾಮದೇವತೆಯ ಹೆಸರಿಡುವ ಹಾಗೆ ಸ್ಪೇನಿನಲ್ಲಿ ಊರೂರಿನ ಮಾತೆ ಮೇರಿಯ ಹೆಸರು. ಸರಗೋಸಾದ ಮೇರಿ ಕಂಬದ ಮೇಲೆ ನಿಂತವಳು, ಹಾಗಾಗಿ ಅವಳು ಮಾರಿಯಾ ದೆಲ್ ಪಿಲಾರ್. ಪಿಲಾರ್ ಎಂದರೆ ಕಂಬ. ಕಂಬದ ರಂಗನ ಒಕ್ಕಲಿನವರಿಗೆ ಇದು ವಿಚಿತ್ರ ಅನ್ನಿಸದು. ವ್ಯಥೆಯ ಮೇರಿ ಮಾರಿಯಾ ದೆ ಲೊಸ್ ದೊಲೋರೆಸ್, ಏಕಾಂತದ ಮೇರಿ ಸೊಲೆದಾದ್, ಹಿಮದ ಮೇರಿ ನಿಯೆವೆಸ್, ಜಪಮಾಲೆಯ ಮೇರಿ ರೊಸಾರಿಯೊ. ದಿನಬಳಕೆಯಲ್ಲಿ ಮಾರಿಯಾ ಬಿದ್ದುಹೋಗಿ ಬಾಲವೇ ಹೆಸರಾಗುತ್ತದೆ. ಅದಕ್ಕೇ ನೋವು, ಒಂಟಿತನ ಎಂಬರ್ಥದ ಹೆಸರಿನ ಹೆಂಗಸರು ಅಲ್ಲಿ ಕಂಡುಬರುತ್ತಾರೆ. ರೊಸಾರಿಯೊ 'ಒ'ಕಾರದಲ್ಲಿ ಮುಗಿದರೂ ಅಲ್ಲಿ ಬಹುಮಟ್ಟಿಗೆ ಹೆಂಗಸೇ.

ಕೃಪೆಯ ಮೇರಿ ಮಾರಿಯಾ ದೆ ಲಾಸ್ ಮೆರ್ಸೆದಿಸ್. ಆಸ್ಟ್ರಿಯಾದ ಉದ್ಯಮಿ ಎಮಿಲ್ ಯೆಲಿನೆಕ್ ತನ್ನ ಮಗಳನ್ನು ಈ ಹೆಸರಿನಿಂದ ಕರೆಯುತ್ತಿದ್ದ. ಡೈಮ್ಲರ್ ಕಂಪನಿಯ ಕಾರುಗಳನ್ನು ಮಾರುತ್ತಿದ್ದ ಅವನು 1900ರ ಸುಮಾರಿಗೆ ಹೊಸ ಎಂಜಿನ್ನಿಗೆ ಮಗಳ ಹೆಸರು ಇಡಿಸಿದ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತ ಬೆಂಜ್ ಕಾರಿನ ಹಿಂದೆ ಬರೆದಿರುವುದು ಸ್ಪೇನಿನ ಒಬ್ಬ ಅಮ್ಮನವರ ಹೆಸರು.

ಗಂಡಸಿನ ಹೆಸರಿನಲ್ಲೂ ಮಾರಿಯಾ ಬರುತ್ತಾಳೆ. ಹೊಸೆ ಮಾರಿಯಾ ಎಂದರೆ ಗಂಡು, ಮಾರಿಯಾ ಹೊಸೆ ಎಂದರೆ ಹೆಣ್ಣು. ಮೊದಲು ಬಂದ ಪದವೇ ಲಿಂಗವನ್ನು ಹೇಳುತ್ತದೆ. 1996ರಿಂದ 2004ರವರೆಗೆ ಪ್ರಧಾನಿಯಾಗಿದ್ದ ಹೊಸೆ ಮಾರಿಯಾ ಅಸ್ನಾರ್ ಅವರನ್ನು ಮಿಸೆಸ್ ಮಾಡುವ ಅಪಾಯ ವಿದೇಶಿ ಟಪಾಲಿನಲ್ಲಿ ಇದ್ದೇ ಇತ್ತು. ಮುದ್ದಿನ ಹೆಸರುಗಳಂತೂ ಹೊರಗಿನವರಿಗೆ ಒಗಟು. ಫ್ರಾನ್ಸಿಸ್ಕೊ ಪಾಕೊ ಆಗುತ್ತಾನೆ, ಮೆಕ್ಸಿಕೊದಲ್ಲಾದರೆ ಪಾಂಚೊ. ಹೊಸೆ ಪೇಪೆ, ಇಗ್ನಾಸಿಯೊ ನಾಚೊ, ಹೊಸೆ ಮಾರಿಯಾ ಚೇಮಾ, ದೊಲೋರೆಸ್ ಲೋಲಾ, ರೊಸಾರಿಯೊ ಚಾರೊ. ಸಂತ ಜೋಸೆಫನ ಚಿತ್ರದಡಿ ಬರೆಯುತ್ತಿದ್ದ 'ಸಾಕುತಂದೆ' ಎಂಬರ್ಥದ ಲ್ಯಾಟಿನ್ ಮಾತಿನ ಎರಡು ಪಕಾರಗಳಿಂದ ಪೇಪೆ ಹುಟ್ಟಿತೆಂದು ಹೇಳುವುದು ಒಳ್ಳೆಯ ಕಥೆ, ಭಾಷಾಶಾಸ್ತ್ರವಲ್ಲ.

ಹೆಸರು ಗೊತ್ತಿಲ್ಲದವನಿಗೂ ಒಂದು ಹೆಸರಿದೆ: ಫುಲಾನೊ. ಅರಬರ ಆಳ್ವಿಕೆಯ ಕಾಲದಲ್ಲಿ 'ಫುಲಾನ್' ಎಂಬ ಪದದಿಂದ ಬಂದದ್ದು. ಅದೇ ಅರಬ್ಬಿ ಪದ ಪೂರ್ವಕ್ಕೆ ಹೊರಟು ಹಿಂದಿ, ಉರ್ದುವಿನ 'ಫಲಾನಾ' ಆಯಿತು.

ನೆರೆಯ ನುಡಿಗಳು

ಸ್ಪೇನಿನೊಳಗೇ ಪದ್ಧತಿ ಒಂದೇ ಬಗೆಯದಲ್ಲ. ಕ್ಯಾಟಲನ್ನರು ಎರಡರ ನಡುವೆ ತಮ್ಮ ನುಡಿಯ 'ಇ' ಸೇರಿಸುತ್ತಾರೆ, ಕಟ್ಟಡಶಿಲ್ಪಿ ಆಂತೊನಿ ಗೌದಿ ಇ ಕೊರ್ನೆತ್ ಹಾಗೆ. ಬಾಸ್ಕರ ಅಡ್ಡಹೆಸರು ಬಹುಪಾಲು ಮನೆಯ ಹೆಸರು. ಎಚೆವೆರ್ರಿಯಾ ಎಂದರೆ 'ಹೊಸ ಮನೆ', ಬಾಸ್ಕ್ ಭಾಷೆಯಲ್ಲಿ ಎಚೆ ಮನೆ, ಬೆರ್ರಿ ಹೊಸತು. ಇದೇ ಎರಡು ಪದಗಳು ಸವೆದು ನವಾರ್ರಾ ಸೀಮೆಯ ಒಂದು ಕೋಟೆಯ ಹೆಸರು ಹವಿಯೆರ್ ಆಯಿತು. ಆ ಕೋಟೆಯಲ್ಲಿ 1506ರಲ್ಲಿ ಹುಟ್ಟಿದ ಫ್ರಾನ್ಸಿಸ್ಕೊ ಮುಂದೆ ಗೋವೆಗೆ ಬಂದು ಸಂತ ಫ್ರಾನ್ಸಿಸ್ ಝೇವಿಯರ್ ಎನಿಸಿದ. ಅವನ ಅಪ್ಪ ಹೊಆನ್ ದೆ ಹಾಸೊ, ಅಮ್ಮ ಮಾರಿಯಾ ದೆ ಅಸ್ಪಿಲ್‌ಕ್ವೇತಾ. ಝೇವಿಯರ್ ಎಂಬುದು ಬರಿಯ ಊರಿನ ಗುರುತು. ಇಂದು ಮಂಗಳೂರು, ಬೆಂಗಳೂರುಗಳಲ್ಲಿ ಝೇವಿಯರ್ ಎಂದು ಹೆಸರಿರುವವರೆಲ್ಲ ಅಕ್ಷರಶಃ ಹೊಸಮನೆಯವರು. ಮಲೆನಾಡಿನಲ್ಲಿ ಹೊಸಮನೆ ಎಂದೇ ಮನೆತನದ ಹೆಸರು ಇರುವವರೂ ಇದ್ದಾರೆ. ಒಂದೇ ಹೆಸರಿನ ಎರಡು ಭಾಷೆಯ ರೂಪಗಳು ಒಂದೇ ರಾಜ್ಯದಲ್ಲಿ ಒಂದಕ್ಕೊಂದು ಗುರುತು ಸಿಗದೆ ಬಾಳುತ್ತಿವೆ.

ನಮ್ಮ ಕರಾವಳಿಯ ಉಳಿದ ಹೆಸರುಗಳು ಸ್ಪೇನಿನಿಂದಲ್ಲ, ಪೋರ್ಚುಗಲ್‌ನಿಂದ ಬಂದವು. ರೊಡ್ರಿಗಸ್, ಫೆರ್ನಾಂಡಿಸ್, ಗೊನ್ಸಾಲ್ವಿಸ್, ಮೆಂಡಿಸ್: ಕೊನೆಯಲ್ಲಿ 'ಜೆಡ್' ಬದಲು 'ಎಸ್' ಅಕ್ಷರ ಇದ್ದರೆ ಪೋರ್ಚುಗೀಸ್ ಎಂದು ಗುರುತಿಸಬಹುದು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಅವರ ಹೆಸರಿಗೆ 'ಫೆರ್ನಾಂಡೊನ ಮಗ' ಎಂಬ ಅರ್ಥವಿದ್ದರೂ, ಆ ವಂಶದ ಮೂಲದಲ್ಲಿ ಫೆರ್ನಾಂಡೊ ಎಂಬ ಪೂರ್ವಜ ಇದ್ದನೆಂದು ತಿಳಿಯಬೇಕಿಲ್ಲ. ಗೋವೆಯಲ್ಲಿ ದೀಕ್ಷೆ ಪಡೆದವರಿಗೆ ಪಾದ್ರಿಯ, ಇಲ್ಲವೇ ಜ್ಞಾನಪಿತನ ಅಡ್ಡಹೆಸರು ಕೊಡುವುದು ರೂಢಿಯಾಗಿತ್ತು.

ಪೋರ್ಚುಗೀಸರಲ್ಲಿ ಕ್ರಮ ತಿರುಗುಮುರುಗು. ಅಮ್ಮನದು ಮೊದಲು, ಅಪ್ಪನದು ಕೊನೆಗೆ, ಕೊನೆಯದೇ ಮುಖ್ಯ. ಕ್ರಿಸ್ಟಿಯಾನೊ ರೊನಾಲ್ಡೊ ದೊಸ್ ಸಾಂತೊಸ್ ಅವೇರೊ ಎಂಬ ಪೂರ್ತಿ ಹೆಸರಿನಲ್ಲಿ ದೊಸ್ ಸಾಂತೊಸ್ ಅಮ್ಮನದು, ಅವೇರೊ ಅಪ್ಪನದು. ರೊನಾಲ್ಡೊ ಅಡ್ಡಹೆಸರೇ ಅಲ್ಲ, ಎರಡನೆಯ ಕರೆಯುವ ಹೆಸರು. ಅರ್ಜೆಂಟೀನಾದಲ್ಲಿ ಇಟಲಿಯಿಂದ ಬಂದವರ ಪ್ರಭಾವ ದೊಡ್ಡದು, ಅಲ್ಲಿ ಅಪ್ಪನದೊಂದೇ ಸಾಕೆನ್ನುವ ರೂಢಿ; ಬೊರ್ಹೆಸ್, ಮರಡೋನಾ, ಮೆಸ್ಸಿ ಎಲ್ಲರೂ ಒಂಟಿ ಅಡ್ಡಹೆ​ಸರಿನಲ್ಲೇ ನಡೆದುಹೋದವರು. ಅಲ್ಲೇ ಹುಟ್ಟಿದ ಚೆ ಗೆವಾರಾ ಅವರ ಹೆಸರು ಎರ್ನೆಸ್ತೊ ಗೆವಾರಾ ದೆ ಲಾ ಸೆರ್ನಾ. ಚೆ ಎಂಬುದು ಹೆಸರಲ್ಲ. ಅರ್ಜೆಂಟೀನಾದವರು ಮಾತುಮಾತಿಗೆ ಹೇಳುವ 'ಏಯ್', 'ಮಾರಾಯ' ಎಂಬಂಥ ಉದ್ಗಾರ, ಕ್ಯೂಬಾದ ಗೆಳೆಯರು ಅದನ್ನೇ ಅಂಟಿಸಿದರು.

ಒಂದು ಪುಟಕ್ಕೊಂದು ಊರು

ಅಡ್ಡಹೆಸರನ್ನು ರೇಷನ್ನಿನಂತೆ ಹಂಚಿದ್ದು ಫಿಲಿಪೀನ್ಸ್‌ನಲ್ಲಿ. 1849ರ ನವೆಂಬರ್ 21ರಂದು ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಒಂದು ಆಜ್ಞೆ ಹೊರಡಿಸಿದ. ದ್ವೀಪದ ಜನ ಸಂತರ ಹೆಸರುಗಳನ್ನು ಮನಸ್ಸಿಗೆ ಬಂದಂತೆ ಹಿಡಿಯುತ್ತಾರೆ, ಒಂದೇ ಮನೆಯವರಿಗೆ ಬೇರೆ ಬೇರೆ ಹೆಸರು, ಕಂದಾಯ ವಸೂಲಿಗೂ ನ್ಯಾಯಕ್ಕೂ ತೊಡಕು ಎಂಬುದು ಅವನ ದೂರು. ಪರಿಹಾರವಾಗಿ ಸುಮಾರು 60,000 ಅಡ್ಡಹೆಸರುಗಳ ಅಕಾರಾದಿ ಪಟ್ಟಿಯೊಂದನ್ನು ಅಚ್ಚು ಹಾಕಿಸಿದರು. ಸ್ಪೇನಿನ ಹೆಸರುಗಳು ಸಾಲದೆ ಗಿಡ, ಊರು, ಗುಣಗಳ ಪದಗಳನ್ನೂ ಸ್ಥಳೀಯ ನುಡಿಗಳ ಮಾತುಗಳನ್ನೂ ತುಂಬಿದರು. ಪಟ್ಟಿಯ ಪುಟಗಳು ಪ್ರಾಂತ್ಯಗಳಿಗೆ, ಅಲ್ಲಿಂದ ಊರುಗಳಿಗೆ ಹೋದವು. ಮನೆಯ ಹಿರಿಯ ತನ್ನ ಊರಿಗೆ ಬಂದ ಪುಟದಲ್ಲಿ ಒಂದನ್ನು ಆರಿಸಬೇಕು. ಅಲ್ಬಾಯ್ ಪ್ರಾಂತ್ಯದ ಓಆಸ್ ಊರಿಗೆ 'ಆರ್' ಅಕ್ಷರದ ಪಾಲು ಬಂತು, ಅಲ್ಲಿನ ಹಳೆಯ ಕುಟುಂಬಗಳ ಅಡ್ಡಹೆಸರು ಈಗಲೂ ಆ ಅಕ್ಷರದಿಂದಲೇ ಶುರು. ನಾಲ್ಕು ತಲೆಮಾರಿನಿಂದ ಒಂದೇ ಅಡ್ಡಹೆಸರು ನಡೆದುಬಂದಿದೆ ಎಂದು ತೋರಿಸಿದವರಿಗಷ್ಟೇ ವಿನಾಯಿತಿ ಇತ್ತು. ಆಮೇಲೆ ಬಂದ ಅಮೆರಿಕನ್ನರ ಆಡಳಿತದಲ್ಲಿ ಕ್ರಮವೂ ಬದಲಾಗಿ, ಈಗ ಫಿಲಿಪೀನ್ಸ್‌ನಲ್ಲಿ ಅಮ್ಮನದು ನಡುವಿನ ಹೆಸರು, ಅಪ್ಪನದು ಕೊನೆಯದು.

ಖಾನೆಗಳ ಜಗಳ

ಪ್ರತಿ ದೇಶದ ಅರ್ಜಿ ನಮೂನೆ ತನ್ನ ಪದ್ಧತಿಯೇ ಲೋಕದ ಪದ್ಧತಿ ಎಂದು ನಂಬಿ ಖಾನೆ ಹಾಕಿರುತ್ತದೆ. ಮೆಕ್ಸಿಕೊದ ಜನಸಂಖ್ಯಾ ದಾಖಲೆಯ 18 ಅಕ್ಷರಾಂಕಗಳ ಗುರುತಿನ ಸಂಕೇತ ಶುರುವಾಗುವುದೇ ಅಪ್ಪನ ಅಡ್ಡಹೆಸರಿನ ಮೊದಲ ಅಕ್ಷರ, ಅದರೊಳಗಿನ ಮೊದಲ ಸ್ವರ, ಅಮ್ಮನ ಅಡ್ಡಹೆಸರಿನ ಮೊದಲಕ್ಷರ, ಕರೆಯುವ ಹೆಸರಿನ ಮೊದಲಕ್ಷರಗಳಿಂದ. ಮಾರಿಯಾ, ಹೊಸೆಗಳು ವಿಪರೀತವೆಂದು, ಅವರಿಗೆ ಇನ್ನೊಂದು ಹೆಸರಿದ್ದರೆ ಅದನ್ನು ಹಿಡಿಯುತ್ತಾರೆ. ನಾಲ್ಕಕ್ಷರ ಕೂಡಿ ಎತ್ತು ಎಂಬರ್ಥದ 'ಬುಏಯ್' ಅಥವಾ ಇನ್ನೂ ಕೆಟ್ಟದ್ದೇನಾದರೂ ಆದರೆ ಎಂದು ಮುಂಚೆಯೇ ಬೈಗುಳಗಳ ಸರ್ಕಾರಿ ಪಟ್ಟಿಯೊಂದನ್ನು ಮಾಡಿಟ್ಟು, ಅಂಥ ಕಡೆ ಎರಡನೆಯ ಅಕ್ಷರವನ್ನು 'ಎಕ್ಸ್' ಮಾಡುತ್ತಾರೆ. ಒಂದೇ ಅಡ್ಡಹೆಸರಿನ ಪರದೇಶಿಗೆ ಅಮ್ಮನ ಸ್ಥಾನದಲ್ಲಿ ಸಿಗುವುದೂ 'ಎಕ್ಸ್'.

ಬೆಲ್ಜಿಯಂನಲ್ಲಿ ಇದೇ ಜಗಳ ನ್ಯಾಯಾಲಯಕ್ಕೆ ಹೋಯಿತು. ಗಾರ್ಸಿಯಾ ಅವೆಯೊ ಎಂಬ ಸ್ಪ್ಯಾನಿಷ್ ಪ್ರಜೆ ಬೆಲ್ಜಿಯಂನ ವೇಬರ್ ಮನೆತನದ ಹೆಂಗಸನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದರು. ಆಗಿನ ಬೆಲ್ಜಿಯಂ ಕಾನೂನಿನಂತೆ ಮಕ್ಕಳಿಗೆ ಅಪ್ಪನ ಅಡ್ಡಹೆಸರು ಇಡಿಯಾಗಿ ಬರಬೇಕಿತ್ತು, ಆದ್ದರಿಂದ ಮಕ್ಕಳೂ ಗಾರ್ಸಿಯಾ ಅವೆಯೊ ಎಂದು ದಾಖಲಾದರು. ಸ್ಪ್ಯಾನಿಷ್ ಓದಿನಲ್ಲಿ ಇದರರ್ಥ ಆ ಮಕ್ಕಳು ತಮ್ಮ ಅಪ್ಪನಿಗೆ ಒಡಹುಟ್ಟಿದವರು! ಸ್ಪೇನಿನ ದೂತಾವಾಸದ ಪುಸ್ತಕದಲ್ಲಿ ಅದೇ ಮಕ್ಕಳು ಗಾರ್ಸಿಯಾ ವೇಬರ್. ಒಂದೇ ಮಗುವಿಗೆ ಎರಡು ದೇಶದಲ್ಲಿ ಎರಡು ಹೆಸರು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2003ರ ಅಕ್ಟೋಬರ್ 2ರಂದು ಕುಟುಂಬದ ಪರವಾಗಿ ತೀರ್ಪು ಕೊಟ್ಟಿತು. ಎರಡೂ ದೇಶದ ಪೌರತ್ವವಿರುವ ಮಕ್ಕಳು ಸ್ಪ್ಯಾನಿಷ್ ಪದ್ಧತಿಯ ಹೆಸರು ಕೇಳಿದಾಗ ಬೆಲ್ಜಿಯಂ ಇಲ್ಲವೆನ್ನುವಂತಿಲ್ಲ ಎಂದಿತು.

ಎರಡು ಅಡ್ಡಹೆಸರಿನ ದೇಶದವರಿಗೆ ಹೊರಗೆ ಹೋದಾಗ ಆಗುವ ಪೇಚು ಇಷ್ಟಾದರೆ, ಅಡ್ಡಹೆಸರೇ ಇಲ್ಲದವರದು ಬೇರೆ ಬಗೆ. ಐಸ್‌ಲ್ಯಾಂಡಿನವರು ಇವತ್ತಿಗೂ ಎಲ್ ಸಿದ್‌ನ ಕಾಲದಂತೆ ಅಪ್ಪನ ಹೆಸರಿಗೆ ಮಗ, ಮಗಳು ಎಂದು ಸೇರಿಸುತ್ತಾರೆ; ಅಲ್ಲಿನ ಟೆಲಿಫೋನ್ ಪುಸ್ತಕ ಕರೆಯುವ ಹೆಸರಿನ ಕ್ರಮದಲ್ಲೇ ಇತ್ತು. ಬರ್ಮಾದ ಊ ಥಾಂಟ್ ಅವರ ಹೆಸರು ಥಾಂಟ್ ಅಷ್ಟೇ, ಊ ಎಂಬುದು ಗೌರವಸೂಚಕ. ಇಂಡೋನೇಷ್ಯಾದ ಸುಕಾರ್ನೊಗೆ ಒಂದೇ ಪದ. ಹಂಗೇರಿಯವರು ಅಡ್ಡಹೆಸರನ್ನೇ ಮುಂದಿಟ್ಟು ಬಾರ್ಟೋಕ್ ಬೇಲಾ ಎನ್ನುತ್ತಾರೆ.

ಕನ್ನಡಿಗರ ಹೆಸರನ್ನು ಸ್ಪ್ಯಾನಿಷ್ ಕಣ್ಣಿನಿಂದ ಓದಿದರೆ ಏನಾಗುತ್ತದೆ? ಮೂರು ಪದವಿದ್ದರೆ ಅವರು ಮೊದಲನೆಯದನ್ನು ಕರೆಯುವ ಹೆಸರೆಂದೂ, ನಡುವಿನದನ್ನು ಅಪ್ಪನ ಅಡ್ಡಹೆಸರೆಂದೂ, ಕೊನೆಯದನ್ನು ಅಮ್ಮನದೆಂದೂ ತಿಳಿಯುತ್ತಾರೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರೇ ಆಸಾಮಿಯಾಗಿ, ಕುವೆಂಪು ಸೆನ್ಯೋರ್ ವೆಂಕಟಪ್ಪ ಆಗುತ್ತಾರೆ. ಅಪ್ಪನನ್ನು ಕೂಗಿದ ಹಾಗೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬುದಾದರೆ ಅವರ ಅಚ್ಚಿಗೆ ಸರಿಯಾಗಿ ಕೂರುವ ಹೆಸರು, ಅದಕ್ಕೇ ತಪ್ಪು ಇನ್ನೂ ಸಲೀಸು. ಮ್ಯಾಡ್ರಿಡ್‌ನ ಗ್ರಂಥಪಾಲಕ ಅವರನ್ನು 'ಆರ್' ಕಪಾಟಿನಲ್ಲಿ ರಾಮಚಂದ್ರ ಬೇಂದ್ರೆ ಎಂದು ಇಡುತ್ತಾನೆ, ನಾವು ಗಾರ್ಸಿಯಾ ಮಾರ್ಕೆಸರನ್ನು 'ಎಂ'ಗೆ ಕಳಿಸಿದ ಹಾಗೆ. ಬೇಂದ್ರೆ ಎಂಬುದು ತಾಯಿಯ ಕಡೆಯದೆಂದು ಅವನ ಎಣಿಕೆ. ತಾಯಿಯ ಹೆಸರನ್ನು ಕವಿ ನಿಜವಾಗಿ ಇಟ್ಟುಕೊಂಡದ್ದು ಬೇರೆ ಕಡೆ: ಅಂಬಿಕಾತನಯದತ್ತ.